ರಾಣಿವೇಷದವರ ಕ್ಷೌರ

ಗಂಡನ ಗದ್ದದ ಮೇಲಿನ ಕೆಂಪು ಗುಳ್ಳೆಗಳು ಈ ಸಲ ಮಾಯುವುದೇ ಇಲ್ಲವೇನೋ ಎಂಬ ಹೆದರಿಕೆ ನನ್ನನ್ನು ಬಿಡುತ್ತಲೇ ಇರಲಿಲ್ಲ. ಮಗುವಿಗೆ ರಾಗಿ ಮಣ್ಣಿ ತಿನ್ನಿಸುವಾಗಲೂ ಅದೇ ಯೋಚನೆ. ಮೊಬೈಲಿನಲ್ಲಿ ಹುಡುಕಿದರೆ ಒಂದಕ್ಕಿಂತ ಒಂದು ಭಯಂಕರ ಚಿತ್ರ.

ನನ್ನ ಗಂಡ ಭವಿತ್ ಯಕ್ಷಗಾನ ಮೇಳವೊಂದರಲ್ಲಿ ಸ್ತ್ರೀವೇಷ ಮಾಡುವವರು. ಹುಟ್ಟೂರು ಕೊಲ್ಲಮೊಗ್ರು, ನಾವೀಗ ಇರುವುದು ಕಡಬದಲ್ಲಿ. ಮಳೆಗಾಲದಲ್ಲಿ ನೆಟ್ಟಣ ಸ್ಟೇಷನ್ನಿನ ಬಳಿ ರಿಕ್ಷಾ ಓಡಿಸುತ್ತಾರೆ. ಮೇಳದ ತಿರುಗಾಟ ಶುರುವಾದರೆ ದಿನಾ ಸಂಜೆ ರಾಣಿ. ಮೈಸೂರಿನಲ್ಲಿ ಓದಿ ಬೆಳೆದ ನನ್ನನ್ನು ಮದುವೆ ಮಾತುಕತೆಯ ಹೊತ್ತಿಗೆ ಪುತ್ತೂರಿನಲ್ಲಿ ಇವರ ಮೇಳದ ಆಟವೊಂದಕ್ಕೆ ಕರೆದುಕೊಂಡು ಹೋಗಿದ್ದರು. ರಾಣಿ ಸೆರಗಿನ ತುದಿ ಹಿಡಿದು ಅತ್ತಾಗ ನಾನೂ ಅತ್ತುಬಿಟ್ಟೆ. ಮರುದಿನ ಅದೇ ರಾಣಿ ಲುಂಗಿ ಎತ್ತಿ ಕಟ್ಟಿ, ಗ್ಯಾಸ್ ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಎದುರಿಗೆ ಬಂದರು. ಒಪ್ಪಿಕೊಂಡೆ.

ರಾಣಿಗೆ ಗಡ್ಡದ ನೆರಳೂ ಇರಕೂಡದಲ್ಲ. ಅದಕ್ಕೆ ಇವರು ವೇಷ ಕಟ್ಟುವ ಚೌಕಿಯಲ್ಲಿ, ಬಣ್ಣಕ್ಕೆ ಕೂರುವ ಮುಂಚೆ, ತಣ್ಣೀರು ಎರಚಿಕೊಂಡು ಕೂದಲಿಗೆ ಎದುರಾಗಿ ಒತ್ತಿ ಒತ್ತಿ ಹೆರೆಯುತ್ತಿದ್ದರು. ಮೇಲೆ ಪಟಿಕ ತಿಕ್ಕಿ, ಆ ಹಸಿ ಚರ್ಮಕ್ಕೇ ಬಣ್ಣ. ಉರಿದರೂ ಬಾಯಿ ಬಿಡುವ ಜನವಲ್ಲ. ಹಾಸ್ಯವೇಷದ ಚನಿಯಪ್ಪಣ್ಣ ಮಾತ್ರ ಸುಮ್ಮನಿರುತ್ತಿರಲಿಲ್ಲವಂತೆ: "ಎಂತ ರಾಣಿಯಮ್ಮ, ತೆಂಗಿನಕಾಯಿ ಸುಲಿಯುದಾ?"

ಕೊನೆಗೆ ಗುಳ್ಳೆ ಕೀವಾಗಿ, ಮೇಳಕ್ಕೆ ರಜೆ ಹಾಕಿ ಮನೆಯಲ್ಲಿ ಕೂರಬೇಕಾಯಿತು. ಆಗ ಮೇಳದ ಮೆನೇಜರ್ ಶ್ರೀಕೃಷ್ಣಣ್ಣ ಫೋನ್ ಮಾಡಿದ್ದು ನನಗೆ.

"ತಂಗೀ, ಅವನ ಹತ್ರ ಕೇಳಿದ್ರೆ ಎಂತ ಇಲ್ಲ ಹೇಳ್ತಾನೆ. ನೀನು ಸರೀ ನೋಡಿ ಹೇಳು. ಶನಿವಾರಕ್ಕೆ ಮುಖ ಆಗ್ತದಾ? ಆಗದಿದ್ರೆ ವೇಷ ಆ ಕಬಕದ ಹುಡುಗನಿಗೆ ಕೊಡುದು. ಕೊಟ್ಟ ಮೇಲೆ ಅವನಿಂದ ತೆಗೀಲಿಕ್ಕೆ ಆಗುದಿಲ್ಲ, ಗೊತ್ತುಂಟಲ್ಲ?"

ನೋಡಿ ಹೇಳುತ್ತೇನೆ ಎಂದೆ. ಆಗುತ್ತದೆ ಎಂದರೆ ಮುಖ ಹಾಳಾದೀತು. ಆಗುವುದಿಲ್ಲ ಎಂದರೆ ಇವರ ರಾಣಿಯನ್ನು ನಾನೇ ಕಿತ್ತುಕೊಟ್ಟ ಹಾಗೆ. ಫೋನ್ ಕೈಗೆತ್ತಿಕೊಂಡು ಇಟ್ಟಿದ್ದೇ ಬಂತು.

ಪುತ್ತೂರಿನ ಚರ್ಮದ ಡಾಕ್ಟರ ಮಾತ್ರೆಗೆ ಗುಳ್ಳೆ ಇಳಿಯಿತು. ಇನ್ನು ಮೇಲೆ ಕೂದಲು ಬೆಳೆದ ದಿಕ್ಕಿಗೇ ಕ್ಷೌರ ಮಾಡಬೇಕು, ಮಾಡಿದ ಕೂಡಲೇ ಬಣ್ಣ ಹಚ್ಚಬಾರದು ಎಂದಿದ್ದರು.

"ಡಾಕ್ಟ್ರು ಹೇಳುದು ಸರಿ ಮಾರಾಯ್ತಿ. ಆದ್ರೆ ಹಾಗೆ ಮಾಡಿದ್ರೆ ಲೈಟಿಗೆ ಗದ್ದ ಹಸುರು ಕಾಣ್ತದೆ. ಗಡ್ಡದ ರಾಣಿಯನ್ನು ಯಾರು ನೋಡ್ತಾರೆ?" ಎಂದರು ಇವರು.

ಬುಧವಾರ ಮಗಳು ಯಶಸ್ವಿಗೆ ಚುಚ್ಚುಮದ್ದು ಹಾಕಿಸಲು ಹೊರಟಿದ್ದೆ. ಹೆರಿಗೆಯ ನಂತರ ಕಣ್ಣಿನ ಕೆಳಗೆ ಬಂದ ಕಪ್ಪಿಗೆ ಕಿತ್ತಳೆ ಬಣ್ಣದ ಕ್ರೀಮು ಸವರಿ, ಮೇಲೆ ಪೌಡರ್ ಹಚ್ಚುವುದು ನನ್ನ ಅಭ್ಯಾಸ. ಇವರು ಕನ್ನಡಿಯಲ್ಲೇ ನೋಡುತ್ತಿದ್ದರು.

"ಪೌಡರಿನ ಅಡಿಗೆ ಆ ಕೆಂಪು ಎಂತಕ್ಕೆ?"

"ಕಪ್ಪು ಕಾಣದಿರಲಿ ಅಂತ."

ಇವರು ಮಂಚದಡಿಯಿಂದ ತಮ್ಮ ಬಣ್ಣದ ಪೆಟ್ಟಿಗೆ ಎಳೆದರು.

ಮರುದಿನ ಮಧ್ಯಾಹ್ನ ಬಿಸಿನೀರಿನ ಸ್ನಾನ ಮಾಡಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬೈರಾಸನ್ನು ಮುಖಕ್ಕೆ ಒತ್ತಿಕೊಂಡು ಕೂತರು. ಬ್ರಷ್ಷಿನಿಂದ ಸಾವಕಾಶವಾಗಿ ನೊರೆ ಎಬ್ಬಿಸಿದರು. ಬೆರಳಾಡಿಸಿ ನೋಡಿದರೆ ಕುತ್ತಿಗೆಯ ಕೂದಲು ಕೆಳಕ್ಕಲ್ಲ, ಕಿವಿಯ ಕಡೆಗೆ ಓರೆಯಾಗಿ ಬೆಳೆದಿತ್ತು. "ಇಷ್ಟು ವರ್ಷ ಕೆರೆದದ್ದೇ ಆಯ್ತು, ನೋಡಿರ್ಲಿಲ್ಲ," ಎಂದು ನಕ್ಕರು. ಹೊಸ ಬ್ಲೇಡು, ಹಗುರ ಕೈ. ಇನ್ನೊಮ್ಮೆ ನೊರೆ ಹಚ್ಚಿ ಅಡ್ಡಕ್ಕೆ ಎಳೆದರು, ಕೂದಲಿಗೆ ಎದುರಾಗಿ ಎಳೆಯಲೇ ಇಲ್ಲ. ಪಟಿಕವನ್ನು ನಾನು ಅಡಗಿಸಿಟ್ಟಿದ್ದೆ. ತಣ್ಣೀರಿನಲ್ಲಿ ತೊಳೆದು, ತಿಕ್ಕದೆ ಒರೆಸಿ, ಉಂಡು ಮಲಗಿದರು.

ಸಂಜೆ, ನಾನು ಕಣ್ಣಿನ ಕೆಳಗೆ ಮಾಡುವ ಹಾಗೆಯೇ, ಗದ್ದಕ್ಕೆ ತೆಳುವಾಗಿ ಕೆಂಪು ಸವರಿ, ಮೇಲೆ ಎಂದಿನ ಬಣ್ಣ ಹಚ್ಚಿದರು. ನಾನು ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ನೋಡಿದೆ, ಅಂಗಳಕ್ಕೆ ಹೋಗಿ ಅಲ್ಲಿಂದಲೂ ನೋಡಿದೆ. ಹಸುರು ಎಲ್ಲೂ ಇಲ್ಲ.

"ಉರಿ ಉಂಟಾ? ಸತ್ಯ ಹೇಳಿ."

"ಇಲ್ಲ ಮಾರಾಯ್ತಿ, ಮಗಳಾಣೆ ಇಲ್ಲ."

"ಮಗಳ ಮೇಲೆಲ್ಲ ಆಣೆ ಹಾಕ್ಬೇಡಿ!"

ಆದರೂ ಬೆಳಗಾಗಲಿ ಎಂದು ಕಾದೆ. ಕಿಟಕಿಯ ಬೆಳಕಿನಲ್ಲಿ ಗದ್ದ ಎತ್ತಿಸಿ, ಕುತ್ತಿಗೆಯವರೆಗೂ ಬೆರಳಾಡಿಸಿದೆ. ನುಣುಪಾಗಿತ್ತು, ಹೊಸ ಗುಳ್ಳೆ ಒಂದೂ ಇರಲಿಲ್ಲ.

ಫೋನ್ ತೆಗೆದು, ಈ ಸಲ ಕೆಳಗಿಡದೆ, ನಂಬರ್ ಒತ್ತಿದೆ.

"ಶ್ರೀಕೃಷ್ಣಣ್ಣ, ಸರೀ ನೋಡಿಯೇ ಹೇಳ್ತಿದ್ದೇನೆ. ರಾಣಿವೇಷ ಇವರದ್ದೇ ಇರಲಿ."