ಪಲ್ಜೋಮ್ ಹೇಳಿದ ನಿಜ

ನಾವು ಲಾಹೌಲ್ ಕಣಿವೆಯವರು ವಸಂತದ ಹಿಮಕುಸಿತವನ್ನು 'ಅತ್ತೆ' ಅನ್ನುತ್ತೇವೆ. ಚಳಿಗಾಲದ್ದು ಹಿಟ್ಟಿನ ಹಾಗೆ ಹಾರಿಬರುತ್ತದೆ. ಏಪ್ರಿಲ್‌ನದು ಬಿಸಿಲಿಗೆ ನೀರು ಕುಡಿದು, ಕಲಸಿದ ಗಾರೆಯಂತೆ ಇಳಿದು, ನಿಂತ ಮೇಲೆ ಗುದ್ದಲಿಗೂ ಜಗ್ಗದು. ಒಮ್ಮೆ ಇಳಿದರೆ ದಾರಿಗೆ ಭಯವಿಲ್ಲ. ಆದರೆ ಮೇಲಿನ ಇಳಿಜಾರು ಬಂಡೆಯ ಮರೆಯಲ್ಲಿದ್ದು ದಾರಿಯಿಂದ ಕಾಣದು, ಹಾಗಾಗಿ ಕೊರಕಲು ದಾಟುವವರು ಅದು ಕಾಣುವ ಅಂಚಿನ ಮನೆಯಲ್ಲಿ "ಅತ್ತೆ ಇಳಿದಳಾ?" ಎಂದು ಕೇಳಬೇಕು, ಮನೆಯವರು ನಿಜ ಹೇಳಬೇಕು.

ಹನ್ನೊಂದು ವರ್ಷದ ಹಿಂದೆ ಆ ಮನೆ ಫುಂಚೋಗನದು. ದಾಟಲು ಬಂದ ಅಂಗ್ರೂಪ್ ಕೇಳಿದಾಗ "ಇಳಿದು ಹೋದಳು, ನಡಿ" ಅಂದ. ಇಳಿದಿರಲಿಲ್ಲ. ತನ್ನ ಹೇಸರಗತ್ತೆಗಳನ್ನು ಬಿಡುವ ಮೊದಲು ದಾರಿ ಪರೀಕ್ಷಿಸಲು ಅವನಿಗೊಂದು ಆಳು ಬೇಕಿತ್ತು. ಇದನ್ನು ಆಮೇಲೊಮ್ಮೆ ಕುಡಿದಾಗ ತಾನೇ ಬಾಯಿಬಿಟ್ಟ. ಅಂಗ್ರೂಪ್ ಹಿಮದಡಿ ಸತ್ತ. "ಇಳಿದ ಸದ್ದು ಕೇಳಿದ ಹಾಗಿತ್ತು" ಎಂದು ಪಂಚಾಯಿತಿಯ ಮುಂದೆ ಕೈ ತೊಳೆದುಕೊಂಡ ಫುಂಚೋಗ್, ಮನೆ ಮಾರಿ ಬಟಾಣಿ ಬೀಜದ ವ್ಯಾಪಾರಕ್ಕಿಳಿದ.

ಮನೆ ಕೊಂಡವಳು ಅಂಗ್ರೂಪನ ಹೆಂಡತಿ ಪಲ್ಜೋಮ್. ಅಲ್ಲೇ ಚಹಾದಂಗಡಿ ಇಟ್ಟಳು. ಅವಳ ಉಪ್ಪು ಚಹಾದಲ್ಲಿ ಬೆಣ್ಣೆ ಇದೆಯೇ ಎಂಬ ಅನುಮಾನ ನನಗಿತ್ತು. ಅವಳ ಮಾತಿನ ಮೇಲೆ ಯಾರಿಗೂ ಇರಲಿಲ್ಲ.

ಹೋದ ಏಪ್ರಿಲ್‌ನಲ್ಲಿ ನಾನೂ ಬೀಜದ ಮೂಟೆ ಇಳಿಸಿ ಅಲ್ಲಿ ಕಾಯುತ್ತಿದ್ದೆ, ಮರುದಿನ ನಸುಕಿನಲ್ಲಿ ಹಿಮ ಗಟ್ಟಿಯಿರುವಾಗ ದಾಟೋಣವೆಂದು. ಮಟಮಟ ಮಧ್ಯಾಹ್ನ ಫುಂಚೋಗ್ ಬಂದ.

"ಏನಕ್ಕಾ, ಅತ್ತೆ ಇಳಿದಳಾ?"

"ಇಲ್ಲ. ಮೇಲೇ ಕೂತಿದಾಳೆ. ನಾಳೆ ನಸುಕಿಗೆ ದಾಟು."

ಅವನು ನನ್ನ ಮೂಟೆಗಳನ್ನು ನೋಡಿ ನಕ್ಕ. "ನಾನಿಲ್ಲಿ ಗೊರಕೆ ಹೊಡೀತಿರ್ಬೇಕು, ಈ ಸಾಹುಕಾರ ಮೆಲ್ಲಗೆ ದಾಟಿ ಆಚೆ ಊರಿಗೆಲ್ಲ ಬೀಜ ಮಾರ್ಬೇಕು. ನಿಂಗೆ ಪಾಲೆಷ್ಟಕ್ಕಾ?"

"ನಂಬದಿದ್ರೆ ಬಿಡು."

"ನನ್ ಮೇಲೆ ಹಗೆ ಇಟ್ಟೋಳು ನನ್ ಜೀವ ಕಾಯ್ತೀಯಾ? ನೀನು ಇಳಿದಿಲ್ಲ ಅಂದ್ರೆ ಇಳಿದಿದ್ದಾಳೆ ಅಂತಾನೇ!"

"ಫುಂಚೋಗಣ್ಣ, ನಿಜವಾಗ್ಲೂ..." ಎಂದೆ.

"ನೀನು ಸುಮ್ನಿರು ಮಾರಾಯ. ನಿನ್ ಬೀಜಕ್ಕೆ ಹುಳ ಬೀಳ್ಲಿ!"

ನಾಲ್ಕು ಹೇಸರಗತ್ತೆ ಹೊಡೆದುಕೊಂಡು ಕೊರಕಲಿಗೆ ಇಳಿದ. ಅರ್ಧ ದಾಟಿದ್ದ. ಗುಡುಗಿಲ್ಲ, ಬರೀ ಬುಸುಗುಡುತ್ತ ಬಂತು. ಮುಂದಿನದೊಂದು ಪ್ರಾಣಿ ಮಾತ್ರ ಆಚೆ ದಡ ಸೇರಿತು. ಸಂಜೆಯವರೆಗೆ ಅಗೆದೆವು, ಟೋಪಿ ಸಿಕ್ಕಿತು.

ಒಲೆ ಮುಟ್ಟಿ ನಮ್ಮಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಒಳಗೆ ಬಂದು ಕೇಳಿದೆ, "ಒಲೆ ಮುಟ್ಟಿ ಹೇಳ್ಬಹುದಿತ್ತಲ್ಲ, ಪಲ್ಜೋಮಕ್ಕಾ?"

"ಮುಟ್ಟಿದ್ರೆ ನಂಬ್ತಿದ್ದ," ಅಂದಳು. "ಅದಕ್ಕೇ ಮುಟ್ಲಿಲ್ಲ."