ಬಾಲಿಯ ಜ್ವಾಲಾಮುಖಿಯ ಮೇಲೆ ಕಂಡ ಹೆಜ್ಜೆಗಳು

ಹುಮನಾಬಾದಿನ ನನ್ನ ಬೀಜದ ಅಂಗಡಿಗೆ ಬರುವ ರೈತರು ಕತೆಗಳನ್ನೂ ಹೊತ್ತು ತರುತ್ತಾರೆ. ಬಾವಿಯ ಕಟ್ಟೆಯ ಮೇಲೆ ತೀರಿಹೋದ ಅಪ್ಪ ಕೂತಿದ್ದ, ಹೊಲದ ಬದುವಿನಲ್ಲಿ ಸತ್ತ ಅಣ್ಣ ನಿಂತಿದ್ದ ಎಂದು ಅವರು ಹೇಳುವಾಗ ನಾನು ಚೀಲ ಎತ್ತಿಕೊಡುತ್ತಲೇ ನಗುತ್ತಿದ್ದೆ. 'ಬಂದಾಂವಗ ಸುಮ್ನ ಯಾಕ ಕಳಿಸ್ದಿ, ಎರಡು ಸಾಲು ಕಳೆ ತೆಗಸಬೇಕಿತ್ತು' ಎಂದು ಒಬ್ಬನಿಗೆ ಹೇಳಿದ್ದೂ ಉಂಟು. ನಂಬದಿರುವುದಕ್ಕೆ ನನ್ನ ಹತ್ತಿರ ದೊಡ್ಡ ವಿಚಾರವೇನೂ ಇರಲಿಲ್ಲ. ನಾನು ಹತ್ತನೆಯ ತರಗತಿ ಓದಿದವನು. ನನಗೆ ಆಗದ್ದು ಬೇರೆಯವರಿಗೂ ಆಗಿರಲಾರದು ಅಂದುಕೊಂಡಿದ್ದೆ, ಅಷ್ಟೆ. ಇದನ್ನು ಓದುವವರೂ ಹಾಗೆಯೇ ಅಂದುಕೊಂಡರೆ ನನಗೆ ಬೇಸರವಿಲ್ಲ.

ನಮ್ಮ ವ್ಯಾಪಾರದಲ್ಲಿ ಒಂದು ರೂಢಿಯಿದೆ. ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದು ಸೋಯಾ, ತೊಗರಿ ಬಿತ್ತನೆ ಶುರುವಾಗುವ ಹೊತ್ತಿಗೆ ಬೀಜದ ಕಂಪನಿಯವರು ಅಂಗಡಿಗಳಿಗೆ ಒಂದು ಗುರಿ ಕೊಡುತ್ತಾರೆ. ಮುಟ್ಟಿದವರನ್ನು ಗಂಡ ಹೆಂಡತಿ ಸಮೇತ ಪರದೇಶದ ಪ್ರವಾಸಕ್ಕೆ ಕರೆದೊಯ್ಯುತ್ತಾರೆ. ಆ ವರ್ಷ ಬಾಲಿ ದ್ವೀಪ ಎಂದರು. ಕಂಪನಿಯ ಹುಡುಗ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಿದ್ದಾಗ ನನ್ನ ಹೆಂಡತಿ ಮಹಾನಂದಾ ಊಟದ ಡಬ್ಬಿ ತಂದಿದ್ದಳು. ಹೊಗೆಯಾಡುವ ಒಂದು ಬೆಟ್ಟದ ಚಿತ್ರವನ್ನು ಆಕೆ ಬಹಳ ಹೊತ್ತು ನೋಡಿದಳು.

"ಇದರ ಮ್ಯಾಲ ಹತ್ತಲಾಕ ಬಿಡ್ತಾರೇನ್ರಿ?"

"ಹತ್ತಿಸೇ ಹತ್ತಿಸ್ತಾರ್ರಿ ವೈನಿ. ನೀವು ಅಣ್ಣಾರಿಗಿ ಗುರಿ ಮುಟ್ಟಾಕ ಹೇಳ್ರಿ, ಸಾಕು" ಎಂದ ಅವನು.

ಅದಾಗಿ ನಾಲ್ಕೈದು ದಿನಕ್ಕೆ ಆಕೆ ನನಗೆ ಇನ್ನೊಂದು ಮಾತು ಹೇಳಿದಳು. ಈ ಮಾತನ್ನು ನಾನು ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ. "ಅಲ್ರೀ, ಬಲಗಡಿ ಪಕ್ಕಿ ಭಾಳ ನೋಯಾಕತ್ತದ. ಕಲಬುರಗಿಗಿ ಹೋಗಿ ಒಮ್ಮಿ ತೋರಿಸ್ಕೊಂಡ್ ಬರೂಣೇನು?" ಅಂಗಡಿ ತುಂಬ ಜನ. ನಾನು ತಲೆ ಎತ್ತದೆ, "ಮಿರಗೊಂದು ದಾಟ್ಲಿ" ಎಂದೆ. ಆಕೆ ಎರಡನೆಯ ಸಲ ಕೇಳಲಿಲ್ಲ. ಡಬ್ಬಿ ತೆಗೆದುಕೊಂಡು ರಸ್ತೆ ದಾಟುವಾಗ ಪಕ್ಕೆಯ ನೋವಿಗೆ ಬಲಗಾಲನ್ನು ಪೂರ್ತಿ ಊರದೆ ಹೋಗುತ್ತಿದ್ದಳು. ಅದನ್ನು ನಾನು ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ ಕೂತು ದಿನಾ ನೋಡುತ್ತಿದ್ದೆ. ನೋಡಿಯೂ ನೋಡದವನಂತೆ ಇದ್ದೆ.

ಗುರಿ ಮುಟ್ಟಿತು. ಶ್ರಾವಣದಲ್ಲಿ ಹೆಸರು ಬಂತು, ಪಾಸ್‌ಪೋರ್ಟ್ ಆದವು. ಬೆಟ್ಟ ಹತ್ತಲು ಮಹಾನಂದಾಗೆ ಬೂಟು ಬೇಕಾಯಿತು. ಜೀವಮಾನದಲ್ಲಿ ಆಕೆ ಹಾಕಿದ ಮೊದಲನೆಯ ಬೂಟು ಅದು. ಬಸವಕಲ್ಯಾಣದಲ್ಲಿ ನಮ್ಮ ಮಗಳು ಸುರೇಖಾಳ ಮನೆಗೆ ಹೋದಾಗ ಕೊಂಡೆವು. ಅದರ ತಳ ಮೆತ್ತಗೆ, ನುಣ್ಣಗೆ ಇದೆಯೆಂದು ಆಕೆಗೆ ಅನುಮಾನ ಬಂತು. ತವರೂರು ಘಾಟಬೋರಾಳದಲ್ಲಿ ಆಕೆಯ ಅಪ್ಪ ಟಾಯರ್ ಚಪ್ಪಲಿ ಮೆಟ್ಟಿಯೇ ಕೆಸರಿನ ಹೊಲದಲ್ಲಿ ಜಾರದೆ ಓಡಾಡಿದವರು. ಅದಕ್ಕೇ ಆಕೆ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವನ ಮುಂದೆ ಹೊಸ ಬೂಟುಗಳನ್ನು ಇಟ್ಟು, ಇವಕ್ಕೆ ಟಾಯರ್ ಹಚ್ಚಿಕೊಡು ಎಂದಳು. ಅವನ ಹತ್ತಿರ ಒಂದೇ ಬಗೆಯ ಟಾಯರು ಎರಡು ಕಾಲಿಗೆ ಸಾಲುವಷ್ಟು ಇರಲಿಲ್ಲ. ಎಡಗಾಲಿಗೆ ಸ್ಕೂಟರಿನದು, ಮೂರು ಉದ್ದ ಗೆರೆಗಳದು. ಬಲಗಾಲಿಗೆ ಜೀಪಿನದು, ಓರೆ ಹಲ್ಲುಗಳದು. ಮೊಳೆ ಹೊಡೆದು ಮುಗಿಸಿದ ಮೇಲೆ ಅವನು, "ಬಾಯಾರ, ಇನ್ನ ಹಾರ್ನ್ ಒಂದ ಕಡಮಿ ಆತ ನೋಡ್ರಿ" ಎಂದು ನಕ್ಕ. ಆಕೆಯೂ ನಕ್ಕಳು, ಪಕ್ಕೆ ಹಿಡಿದುಕೊಂಡು.

ಹತ್ತಿರದ ಹುಡಗಿ ಎಂಬ ಊರಿನ ವೀರಶೆಟ್ಟಿಯೂ ನನ್ನ ಹಾಗೆ ಬೀಜದ ಅಂಗಡಿಯವನು, ಅದೇ ಪ್ರವಾಸಕ್ಕೆ ಹೆಸರು ಬಂದವನು, ಇಪ್ಪತ್ತು ವರ್ಷದ ಗೆಳೆಯ. ಮನೆಗೆ ಬಂದಾಗ ಬಾಗಿಲ ಬಳಿ ಆ ಬೂಟುಗಳನ್ನು ತಿರುಗಿಸಿ ನೋಡಿ, "ವೈನಿ, ಈ ಗಾಡಿಗಿ ಲೈಸನ್ಸ್ ಆಗ್ಯಾದೇನ್ರಿ?" ಎಂದು ಚೇಷ್ಟೆ ಮಾಡಿದ್ದ.

ಚೌತಿ ಮುಗಿದ ಮೇಲೆ ಆಕೆ ಎದ್ದು ನಿಲ್ಲಲಾರದಾದಳು. ಆಗ ಕಲಬುರಗಿಗೆ ಹೋದೆವು. ಎಷ್ಟು ದಿನದಿಂದ ನೋವು ಎಂದು ಡಾಕ್ಟರು ಕೇಳಿದರು. ನಾನು ಹದಿನೈದು ದಿನ ಎಂದೆ. ಮಹಾನಂದಾ ಹಾಸಿಗೆಯ ಮೇಲಿಂದ ನನ್ನ ಕಡೆ ನೋಡಿದಳು. ಪರೀಕ್ಷೆ ಮಾಡಿದ ಡಾಕ್ಟರು ಬಹಳ ತಡವಾಗಿದೆ ಎಂದರು. ಕಾರ್ತಿಕದಲ್ಲಿ ತೀರಿಕೊಂಡಳು. ಕಡೆಯವರೆಗೂ ಆ ಮಾತನ್ನು ಆಕೆ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆಕೆ ನನ್ನನ್ನು ಕ್ಷಮಿಸಿ ಸುಮ್ಮನಾದಳೋ, ಮನಸ್ಸಿನಲ್ಲಿ ಇಟ್ಟುಕೊಂಡು ಸುಮ್ಮನಾದಳೋ, ನನಗೆ ತಿಳಿಯಬೇಕಾದದ್ದು ಇದೊಂದೇ.

ಶಿವರಾತ್ರಿಗೆ ಮುಂಚೆ ಪ್ರವಾಸದ ದಿನ ಬಂತು. ನಾನು ಒಲ್ಲೆ ಎಂದೆ. ಸುರೇಖಾ ಬಿಡಲಿಲ್ಲ. "ಅವ್ವ ನೋಡಬೇಕಂದಿದ್ದನ್ನ ನೀನರೆ ನೋಡಿ ಬಾ ಅಪ್ಪಾ. ನೀ ಬರೂತನ ನಾ ಈ ಮನ್ಯಾಗೇ ಇರ್ತೀನಿ" ಎಂದು ಬಸವಕಲ್ಯಾಣದಿಂದ ಬಂದು ಕೂತಳು. ಹೈದರಾಬಾದಿನಿಂದ ವಿಮಾನ ಹತ್ತಿದೆವು. ಎಲ್ಲರೂ ಜೋಡಿ, ನಾನೊಬ್ಬ ಒಂಟಿ.

ಎರಡನೆಯ ದಿನ ಮಳೆಕಾಡಿನ ನಡುವಿನ ಒಂದು ಜಲಪಾತಕ್ಕೆ ಕರೆದೊಯ್ದರು. ಕಾಡೆಂದರೆ ನಮಗೆ ಮುತ್ತುಗ, ಜಾಲಿ. ಇಲ್ಲಿ ಮಳೆ ನಿಂತರೂ ಗಿಡಗಳಿಂದ ನೀರು ಬೀಳುತ್ತಲೇ ಇತ್ತು. ಕರುವೊಂದು ನೆರಳಿಗೆ ನಿಲ್ಲಬಹುದಾದಷ್ಟು ದೊಡ್ಡ ಎಲೆಗಳು, ಕಾಂಡದ ಮೇಲೆಲ್ಲ ಹಸಿರು ಪಾಚಿ. ಹೊಳೆಯ ಕಡೆ ಇಳಿಯುವ ಕೆಸರಿನ ದಾರಿಯಲ್ಲಿ ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದಿದ್ದರು. ನನಗೆ ಹಿಡಿಯಲು ಕೈ ಇರಲಿಲ್ಲವಾದ್ದರಿಂದ ನೆಲ ನೋಡಿಕೊಂಡು ನಡೆಯುತ್ತಿದ್ದೆ. ಕಲ್ಲುಗಳ ನಡುವೆ ಒಂದಿಷ್ಟು ಮೆತ್ತನೆಯ ಮಣ್ಣು. ಅದರಲ್ಲಿ ಒಂದು ಎಡಗಾಲಿನ ಗುರುತು, ಮೂರು ಉದ್ದ ಗೆರೆ. ಒಂದು ಹೆಜ್ಜೆ ಆಚೆಗೆ ಬಲಗಾಲು, ಓರೆ ಹಲ್ಲು.

ನಾನು ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಹಿಂದಿನಿಂದ ವೀರಶೆಟ್ಟಿ, "ಏನ್ ಬಿದ್ದದ ಅಣ್ಣಾ?" ಎಂದ. ಏನಿಲ್ಲವೆಂದೆ. ಅವನೂ ಅವನ ಹೆಂಡತಿಯೂ ಅದರ ಮೇಲೆಯೇ ಕಾಲಿಟ್ಟು ಮುಂದೆ ಹೋದರು.

ನಾನು ಹೆದರಲಿಲ್ಲ. ನನಗೆ ಬಂದದ್ದು ಸಂಶಯ. ಈ ಬೂಟು ಕಂಡವನು ಈ ಗುಂಪಿನಲ್ಲಿ ವೀರಶೆಟ್ಟಿ ಒಬ್ಬನೇ. ಅವನು ಚೇಷ್ಟೆಯ ಮನುಷ್ಯ. ತನ್ನ ಹೆಂಡತಿಯ ಬೂಟಿಗೂ ಅಂಥದೇ ಟಾಯರ್ ಹಚ್ಚಿಸಿರಬಹುದೇ? ಅದೇ ದಿನ ಮಧ್ಯಾಹ್ನ ಊಟದ ಬಿದಿರಿನ ಚಪ್ಪರದ ಹೊರಗೆ ಎಲ್ಲರೂ ಕಾಲಿನದು ಬಿಚ್ಚಿ ಒಳಗೆ ಹೋದಾಗ ನಾನು ಹಿಂದುಳಿದು ಒಂದೊಂದನ್ನೇ ತಿರುಗಿಸಿ ನೋಡಿದೆ. ಮೂವತ್ತಕ್ಕೂ ಹೆಚ್ಚು ಜೊತೆ. ಒಂದರಲ್ಲೂ ಟಾಯರ್ ಇರಲಿಲ್ಲ.

"ಏನ್ರಿ ಅಣ್ಣಾ, ಬೀಜ ಬಿಟ್ಟು ಬೂಟಿನ ಅಂಗಡಿ ಇಡಾಕತ್ತೀರೇನು?" ವೀರಶೆಟ್ಟಿ ಬಾಗಿಲಲ್ಲಿ ನಿಂತಿದ್ದ.

"ನಂದು ಹುಡಕಾಕತ್ತೇನಿ."

"ನಿಮ್ಮವು ನಿಮ್ಮ ಕಾಲಾಗೇ ಅವ ಮಾರಾಯ್ರ!"

ಅವನು ನಗಲು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿದ. ಆ ನಗು ನಿಂತದ್ದೂ ನನಗೆ ಸರಿ ಕಾಣಲಿಲ್ಲ. ಸಂಶಯ ಹೊಕ್ಕ ತಲೆಗೆ ಗೆಳೆಯನ ಕನಿಕರವೂ ನಾಟಕವಾಗಿ ಕಾಣುತ್ತದೆ.

ಸಂಜೆ ಸುರೇಖಾಗೆ ಫೋನ್ ಮಾಡಿದೆ. ಅವ್ವನ ಬೂಟು ಯಾರಿಗಾದರೂ ಕೊಟ್ಟೆಯಾ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. "ಯಾಕ ಕೊಡ್ಲಿ? ನೀನೇ ಅಲ್ಮಾರ್ಯಾಗ ಇಟ್ಟು ಕೀಲಿ ಹಾಕೀದಿ" ಎಂದು ಕೀಲಿ ತೆಗೆದು ವಿಡಿಯೋದಲ್ಲಿ ತೋರಿಸಿದಳು. ಅದೇ ಬೂಟಿನ ಡಬ್ಬಿ, ಅವೇ ಬೂಟು. ತಳದಲ್ಲಿ ನಮ್ಮ ಓಣಿಯ ಕೆಂಪು ಮಣ್ಣು ಒಣಗಿ ಅಂಟಿತ್ತು. "ಏನಾಗ್ಯಾದ ಅಪ್ಪಾ?" ಎಂದಳು. ನೆನಪಾಯಿತು ಅಷ್ಟೇ ಎಂದೆ. ಅವಳು ಅಳಲು ಶುರುಮಾಡಿದಳು.

ಮಾರನೆಯ ದಿನ ಜ್ವಾಲಾಮುಖಿ. ಜೀಪುಗಳು ನಮ್ಮನ್ನು ಕಪ್ಪು ಕಲ್ಲಿನ ಬಯಲಿನಲ್ಲಿ ಇಳಿಸಿದವು. ಬೆಟ್ಟ ಉಗುಳಿದ ಬೆಂಕಿ ಆರಿ ಆದ ಕಲ್ಲಂತೆ. ಅಲ್ಲಿಂದ ಬೂದಿಯಂಥ ಕಪ್ಪು ಮರಳಿನಲ್ಲಿ ನಡೆದು ಹತ್ತಬೇಕು. ಬೆಳಗಿನ ಒಂಬತ್ತು ಗಂಟೆ ಇರಬಹುದು, ಒಳ್ಳೆಯ ಬೆಳಕಿತ್ತು. ಮೇಲೆ ಹೋದಂತೆ ಗಂಧಕದ ವಾಸನೆ ಬಂತು. ಉಳಿದವರು ಮೂಗು ಮುಚ್ಚಿಕೊಂಡರು. ನನ್ನ ಗೋದಾಮಿನಲ್ಲಿ ಗಂಧಕದ ಚೀಲಗಳೇ ಇರುತ್ತವೆ, ನನಗೆ ಅದು ಅಂಗಡಿಯ ವಾಸನೆ. ನೆಲದ ಬಿರುಕುಗಳಿಂದ ಉಗಿ ಏಳುತ್ತಿತ್ತು. ಅಂಗೈ ಇಟ್ಟರೆ ಬಿಸಿ. ಇದನ್ನು ನೋಡಿದ್ದರೆ ಮಹಾನಂದಾ ಏನನ್ನುತ್ತಿದ್ದಳು ಎಂದು ನಾನು ಯೋಚಿಸುತ್ತಿದ್ದೆ. ವೀರಶೆಟ್ಟಿಯ ಹೆಂಡತಿಗೆ ಏದುಸಿರು ಬಂದು ಅವರಿಬ್ಬರೂ ಬಹಳ ಹಿಂದೆ, ಕಲ್ಲಿನ ಮೇಲೆ ಕೂತಿದ್ದರು. ಇದನ್ನು ನಾನು ಬೇಕೆಂದೇ ಗಮನವಿಟ್ಟು ನೋಡಿದ್ದೆ.

ತುದಿಯ ಹತ್ತಿರ ಮೋಡ ಇಳಿಯಿತು. ಮುಂದಿನವರು ಕಾಣದಾದರು. ದಾರಿಯ ಅಂಚಿಗೆ ಬಿಳಿ ಬಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಅದನ್ನು ದಾಟಬಾರದೆಂದು ದಾರಿ ತೋರಿಸುವವನು ಕೆಳಗೇ ಹೇಳಿದ್ದ. ಆ ಕಲ್ಲುಗಳ ಆಚೆ, ಯಾರೂ ತುಳಿಯದ ಮರಳಿನಲ್ಲಿ, ಹೆಜ್ಜೆಗಳು ಹೋಗಿದ್ದವು. ಎಡಗಾಲು ಮೂರು ಗೆರೆ. ಬಲಗಾಲು ಓರೆ ಹಲ್ಲು. ಬಲಗಾಲಿನ ಹಿಮ್ಮಡಿಯ ಗುರುತು ಎಲ್ಲೂ ಇರಲಿಲ್ಲ. ಮುಂಗಾಲನ್ನಷ್ಟೇ ಊರಿ, ಭಾರವನ್ನು ಎಡಕ್ಕೆ ಹಾಕಿ ನಡೆದಂತಿತ್ತು.

ಆ ನಡಿಗೆಯನ್ನು ನಾನು ಗಲ್ಲೆಯ ಮೇಲಿಂದ ಮೂರು ತಿಂಗಳು ನೋಡಿದವನು. ಬಿಳಿ ಕಲ್ಲು ದಾಟಿದೆ.

ಹತ್ತಿಪ್ಪತ್ತು ಹೆಜ್ಜೆ ಹೋಗಿರಬಹುದು. ಮೋಡದ ಜೊತೆ ಉಗಿ ಸೇರಿ ಒಂದೆರಡು ಹೆಜ್ಜೆಗಿಂತ ಮುಂದೆ ಏನೂ ಕಾಣುತ್ತಿರಲಿಲ್ಲ. ನಾನು ಗುರುತುಗಳನ್ನಷ್ಟೇ ನೋಡುತ್ತಿದ್ದೆ. 'ಸಿಟ್ಟದೇನ?' ಎಂದು ಬಾಯಿ ಬಿಟ್ಟು ಕೇಳಿದೆನೋ, ಮನಸ್ಸಿನಲ್ಲೇ ಕೇಳಿದೆನೋ ನೆನಪಿಲ್ಲ. ಆಗ ಕಡೆಯ ಎರಡು ಗುರುತು ಕಂಡವು. ಅವು ನನ್ನ ಕಡೆ ತಿರುಗಿದ್ದವು. ಎರಡೂ ಕಾಲು ಜೋಡಿಸಿ, ಬೆರಳು ನನ್ನ ಕಡೆ ಮಾಡಿ, ಒಬ್ಬರು ಎದುರಿಗೆ ನಿಂತಂತೆ. ತಿರುಗುವಾಗ ಮರಳು ಕದಡಬೇಕಲ್ಲ, ಕದಡಿರಲಿಲ್ಲ. ಈ ಸಲ ಬಲಗಾಲಿನ ಹಿಮ್ಮಡಿಯೂ ಪೂರ್ತಿ ಊರಿತ್ತು.

ನಾನು ನಿಂತೆ. ಗಾಳಿ ಒಮ್ಮೆ ಬೀಸಿ ಉಗಿ ಸರಿಯಿತು. ಆ ಗುರುತುಗಳ ಹಿಂದೆ ಒಂದು ಮಾರು ನೆಲವಿತ್ತು. ಅದರಾಚೆ ಏನೂ ಇರಲಿಲ್ಲ. ಬೆಟ್ಟದ ಬಾಯಿ ನೇರ ಕೆಳಕ್ಕೆ ಇಳಿದಿತ್ತು.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹಿಂದಿನಿಂದ ಯಾರೋ ಅಂಗಿಯ ಕೊರಳು ಹಿಡಿದು ಜಗ್ಗಿದರು. ವೀರಶೆಟ್ಟಿ. ಹೆಂಡತಿಯನ್ನು ಬಿಟ್ಟು ನನ್ನನ್ನು ಹುಡುಕಿಕೊಂಡು ಓಡಿ ಬಂದಿದ್ದ. "ತಲಿ ಕೆಟ್ಟದೇನ್ರಿ ನಿಮ್ದು? ಮಗಳ ಮಾರಿನರೆ ನೋಡಬಾರದಾ?" ಎಂದು ಬೈಯುತ್ತ ಅಳುತ್ತಿದ್ದ. ನಾನು ನೆಲ ತೋರಿಸಿದೆ. ಅವನು ಕೆಳಗೆ ನೋಡುವಷ್ಟರಲ್ಲಿ ನಮ್ಮಿಬ್ಬರ ಎಳೆದಾಟಕ್ಕೆ ಅಂಚಿನ ಮರಳು ಆ ಗುರುತುಗಳ ಸಮೇತ ಕುಸಿದು ಜಾರಿಹೋಯಿತು. "ಏನದ ಅಲ್ಲಿ? ಏನೂ ಇಲ್ಲ!" ಎಂದ. ಅವನ ಮೇಲಿದ್ದ ಸಂಶಯ ಆ ಗಳಿಗೆಗೆ ಹೋಯಿತು. ಈಗಲೂ ಅವನಿಗೆ ಅದನ್ನು ಹೇಳಿ ಕ್ಷಮೆ ಕೇಳಿಲ್ಲ.

ಇಳಿಯುವಾಗ ಗುಂಪಿನ ಒಬ್ಬರ ಕಡೆಯಿಂದ ದಾರಿ ತೋರಿಸುವವನಿಗೆ ಟಾಯರ್ ಗುರುತಿನ ಬಗ್ಗೆ ಕೇಳಿಸಿದೆ. ಇಲ್ಲಿನ ಹೊರೆಯಾಳುಗಳಲ್ಲಿ ಟಾಯರ್ ಚಪ್ಪಲಿ ಹಾಕುವವರು ಬಹಳ, ಹೆಂಗಸರೂ ಇದ್ದಾರೆ ಎಂದ. ಇರಬಹುದು. ಒಂದು ಕಾಲಿಗೆ ಒಂದು ಬಗೆ, ಇನ್ನೊಂದಕ್ಕೆ ಇನ್ನೊಂದು ಬಗೆ ಟಾಯರು ಸಿಗುವುದೂ ಆಗದ ಮಾತಲ್ಲ. ಕಾಲು ನೋಯುವ ಹೊರೆಯಾಳು ಬೆಟ್ಟದ ಅಂಚಿಗೆ ಹೋಗಿ ನಿಂತದ್ದೂ ಇರಬಹುದು. ನಾಲ್ಕು ತಿಂಗಳು ಸರಿಯಾಗಿ ನಿದ್ದೆಯಿಲ್ಲದ ಗಂಡಸಿನ ಕಣ್ಣು ಇದ್ದದ್ದನ್ನೇ ನೋಡಿತ್ತೆಂದು ನಾನೂ ಪ್ರಮಾಣ ಮಾಡಲಾರೆ. ಇದನ್ನೆಲ್ಲ ಒಪ್ಪುತ್ತೇನೆ. ಆದರೂ ಆ ಎರಡು ಪಾದಗಳು ನನ್ನ ಕಡೆ ತಿರುಗಿ ನಿಂತದ್ದಕ್ಕೆ ಇವುಗಳಲ್ಲಿ ಯಾವುದೂ ಉತ್ತರವಾಗುವುದಿಲ್ಲ.

ಊರಿಗೆ ಬಂದು ಸುರೇಖಾಗೆ ಹೇಳಿದೆ. ಅವಳು ಒಂದು ನಿಮಿಷವೂ ಯೋಚಿಸಲಿಲ್ಲ. "ಅವ್ವ ನಿನ್ನ ತಡದಾಳ ಅಪ್ಪಾ. ಮುಂದ ಹೋಗಬ್ಯಾಡಂತ ಅಡ್ಡ ನಿಂತಾಳ" ಎಂದಳು. ಬಂಧುಗಳಿಗೆಲ್ಲ ಹಾಗೆಯೇ ಹೇಳಿದಳು. ಕೇಳಿದವರು ಪುಣ್ಯವಂತೆ ಎಂದು ಕೈ ಮುಗಿದರು. ನಾನು ಕೈ ಮುಗಿಯಲಿಲ್ಲ. ತಡೆಯಲು ನಿಂತವಳಾದರೆ ಬಿಳಿ ಕಲ್ಲಿನ ಆಚೆ ಕರೆದದ್ದು ಯಾರು? ಅಷ್ಟು ದೂರ ಕರೆದೊಯ್ದು, ಒಂದು ಮಾರು ಉಳಿದಾಗ ತಿರುಗಿ ನಿಂತದ್ದು ಏಕೆ? ಆಸ್ಪತ್ರೆಯ ಹಾಸಿಗೆಯ ಮೇಲಿಂದ ನೋಡಿದಳಲ್ಲ, ಅದೇ ನೋಟವೋ, ಬೇರೆಯದೋ? ಪಾದದ ಗುರುತಿಗೆ ಮುಖ ಇರುವುದಿಲ್ಲ.

ಮೂರು ವರ್ಷವಾಯಿತು. ಮಿರಗೊಂದು ದಾಟಲಿ ಎಂದು ನಾನು ಹೇಳಿದ್ದು, ಡಾಕ್ಟರಿಗೆ ಹದಿನೈದು ದಿನವೆಂದು ಸುಳ್ಳು ಹೇಳಿದ್ದು ಸುರೇಖಾಗೆ ಗೊತ್ತಿಲ್ಲ. ಅವಳಿಗೆ ಎದುರು ಕೂತು ಹೇಳುವ ಧೈರ್ಯ ನನಗೆ ಬರಲಿಲ್ಲ, ಅದಕ್ಕೇ ಬರೆದೆ. ನಾಳೆ ಅವಳು ಬರುತ್ತಾಳೆ. ಈ ಹಾಳೆಗಳನ್ನು ಅವಳ ಕೈಗೆ ಕೊಡುತ್ತೇನೆ. ಓದಿದ ಮೇಲೂ ಅವ್ವ ತಡೆದಳು ಎಂದೇ ಅವಳು ಹೇಳುತ್ತಾಳೋ, ಇಲ್ಲ ಏನೂ ಹೇಳದೆ ನನ್ನ ಕಡೆ ನೋಡುತ್ತಾಳೋ, ನನಗೆ ಗೊತ್ತಿಲ್ಲ.