ಹಗೇವಿನೊಳಗಿನ ದನಿ

ಮಗು ನನ್ನ ಕಾಲ ಮೇಲೆ ಮಲಗಿದೆ. ಎರಡೂ ಕಾಲು ನೀಡಿಕೊಂಡು ಗೋಡೆಗೆ ಒರಗಿ ಕೂತಿದ್ದೇನೆ. ಎಡಗೈ ಅದರ ಎದೆಯ ಮೇಲೆ, ಬಲಗೈಯಲ್ಲಿ ಪೆನ್ನು. ಕಾಲು ಜೋಮು ಹಿಡಿದು ಎಷ್ಟೋ ಹೊತ್ತಾಯಿತು, ಅಲುಗಾಡಿಸುವ ಮನಸ್ಸಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದ ಕಡೆ ಈಗಲೂ ಪೆನ್ನು ನಿಂತು ಯೋಚನೆ ಮಾಡುತ್ತದೆ. ಬರೆಯುವುದಕ್ಕೆ ನಾನು ಯಾರು ಎಂದು ಮೊದಲೆಲ್ಲ ಅನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಇಷ್ಟು ಸಂತೋಷವನ್ನು ಒಳಗೇ ಇಟ್ಟುಕೊಳ್ಳುವಷ್ಟು ಜಾಗ ನನ್ನಲ್ಲಿಲ್ಲ, ಒಲೆ ಮೇಲಿನ ಹಾಲಿನ ಹಾಗೆ ಉಕ್ಕಿ ಬರುತ್ತಿದೆ. ಬರೆದರೆ ಸ್ವಲ್ಪ ಇಳಿದೀತು.

ಮಗಳು ಬಾಣಂತನಕ್ಕೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದಾಗ ಮಳೆಗಾಲ ಮುಗಿಯುತ್ತಿತ್ತು. ಒಳಗಿನ ಕೋಣೆಯ ಕಿಟಕಿಗೆ ನನ್ನ ಹಳೇ ಹಸಿರು ಸೀರೆ ಕಟ್ಟಿದೆ. ಬಿಸಿಲು ಆ ಸೀರೆಯನ್ನು ದಾಟಿ ಬರುವಾಗ ಕೋಣೆಯೆಲ್ಲ ಕೆರೆಯ ತಳದ ಹಾಗೆ ಕಾಣುತ್ತಿತ್ತು. ಸಾಂಬ್ರಾಣಿ ಹೊಗೆ ಆ ಹಸಿರು ಬೆಳಕಿನಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಮಗಳ ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಹೊಟ್ಟೆಗೆ ಬಿಗಿಯಾದ ಪಂಚೆ. ಮಗುವಿನ ಮೈಯಿಂದ ಹರಳೆಣ್ಣೆ ವಾಸನೆ. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿದರೆ ಅದು ಬೇರೆ ಯಾವುದೋ ಊರಿನಿಂದ ಕೇಳಿದ ಹಾಗಿರುತ್ತಿತ್ತು. ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯದ ಮಧ್ಯಾಹ್ನಗಳು ಅವು.

ನಮ್ಮ ಯಜಮಾನರು ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ದುಡಿದು ರಿಟೈರ್ ಆದವರು. ಅವರು ಸಂತೆ ದಿನ ಗುಬ್ಬಿಗೆ ಹೋಗಿ ಕೊಬ್ಬರಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ತಂದು ರಾಶಿ ಹಾಕಿದರು. "ಇಷ್ಟೊಂದ್ ಯಾಕ್ ತಂದ್ರಿ, ಅಂಗಡಿ ಇಡ್ತೀರಾ?" ಎಂದೆ. "ಕಮ್ಮಿ ಆಗ್ಬಾರ್ದು ಕಣೇ" ಎಂದರು. ಅವರಿಗೂ ನನಗೂ ಅದೊಂದೇ ಭಯ. ಚಿಕ್ಕಂದಿನಲ್ಲಿ ತಟ್ಟೆಯಲ್ಲಿ ಕಡಿಮೆ ಕಂಡವರಿಗೆ ಆ ಭಯ ಹೋಗುವುದಿಲ್ಲ. ಇವತ್ತಿಗೂ ನಮ್ಮ ಮನೆಯ ಹಿಟ್ಟಿನ ಡಬ್ಬ ಅರ್ಧಕ್ಕೆ ಇಳಿದರೆ ನನಗೆ ನಿದ್ದೆ ಬರುವುದಿಲ್ಲ.

ಎಲ್ಲವನ್ನೂ ತಂದು ತುಂಬಿದೆವು. ನೀರೊಂದನ್ನು ಬಿಟ್ಟು.

ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದಿಲ್ಲ. ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎನ್ನುತ್ತಾರೆ. ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ ಹುರಿದದ್ದು, ಅನ್ನ. ಊಟದ ಜೊತೆ ಸಣ್ಣ ಲೋಟದಲ್ಲಿ ಬಿಸಿನೀರು, ಅದೂ ಗಂಟಲು ಒದ್ದೆಯಾಗುವಷ್ಟು. ನನಗೆ ನಮ್ಮವ್ವ ಹಾಗೇ ಮಾಡಿದ್ದಳು, ಅವಳಿಗೆ ಅವಳವ್ವ. ನಾನೂ ಹಾಗೇ ಮಾಡಿದೆ.

ಇನ್ನೊಂದು ಕಾರಣವೂ ಇತ್ತು. ನಮ್ಮ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಕುಣಿಗಲ್ಲಿನವರು. ತೋಟ ಇರುವ ಮನೆ. ಮದುವೆಯಲ್ಲಿ ಊಟ ಮಾಡಿ ಎದ್ದವರು ನನ್ನ ಹತ್ತಿರ ಬಂದು, "ಎಲ್ಲ ಚೆನ್ನಾಗಿತ್ತು ಕಣಕ್ಕ, ಪಾಯಸ ಒಂದ್ಚೂರು ನೀರಾಯ್ತೇನೋ" ಎಂದಿದ್ದರು. ಅಷ್ಟೇ. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ಬಾಣಂತನದಲ್ಲಾದರೂ ಅವರು ಬೆರಳು ತೋರಿಸಬಾರದು, ನಮ್ಮ ಹಿರಿಯರು ಮಾಡಿದ್ದರಲ್ಲಿ ಒಂದೆಳೆಯೂ ತಪ್ಪಬಾರದು ಎಂದುಕೊಂಡಿದ್ದೆ.

ಮಗು ಅಳುತ್ತಿತ್ತು. ಎದೆಗೆ ಹಾಕಿಕೊಂಡರೆ ಸ್ವಲ್ಪ ಚೀಪಿ, ಬಿಟ್ಟು, ಮುಖ ಕೆಂಪು ಮಾಡಿಕೊಂಡು ಅಳುತ್ತಿತ್ತು. ಮಗಳು ಫೋನಿನಲ್ಲಿ ಬೇರೆ ತಾಯಂದಿರ ಫೋಟೋ ನೋಡುತ್ತಾ ಕೂತಿರುತ್ತಿದ್ದಳು.

"ಅಮ್ಮ, ನಂಗೆ ಹಾಲು ಸಾಲ್ತಿಲ್ಲ."

"ಹಂಗನ್ಬಾರ್ದು ಬುಡು. ಬರ್ತದೆ."

"ಎಲ್ಲಾರ್ಗೂ ಬರತ್ತೆ. ನಂಗ್ಯಾಕೆ ಬರ್ತಿಲ್ಲ? ನನ್ನಲ್ಲೇ ಏನೋ ಸರಿ ಇಲ್ಲ ಅನ್ಸತ್ತೆ."

ಇವಳು ಆಫೀಸಿನಲ್ಲಿ ನಾಲ್ಕು ಜನಕ್ಕೆ ಕೆಲಸ ಹೇಳುವವಳು. ಬ್ಯಾಂಕಿಗೆ ಹೋದರೆ ನನ್ನ ಕೈಯಿಂದ ಚೀಟಿ ಇಸಿದುಕೊಂಡು ತಾನೇ ತುಂಬುವವಳು. ಅಂಥವಳು ತನ್ನ ಮೈಯ ಮೇಲೆ ತನಗೇ ನಂಬಿಕೆಯಿಲ್ಲದೆ, ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ಹಾಗೆ ಕೂತಿದ್ದಳು. ನಾನು ಇನ್ನಷ್ಟು ಬೆಳ್ಳುಳ್ಳಿ ಹುರಿದೆ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ, "ತೂಕ ಇನ್ನೂ ಬರ್ಬೇಕಿತ್ತು. ಮುಂದಿನ ವಾರ ನೋಡೋಣ, ಆಗ್ಲೂ ಹೀಗೇ ಇದ್ರೆ ಡಬ್ಬಿ ಹಾಲು ಶುರು ಮಾಡ್ಬೇಕಾಗತ್ತೆ" ಎಂದರು. ಅದೇನೂ ಬೈಗುಳವಲ್ಲ, ಮೆತ್ತಗೇ ಹೇಳಿದರು. ಮಗುವನ್ನು ಎದೆಗೆ ಹೇಗೆ ಹಿಡಿಯಬೇಕೆಂದೂ ತೋರಿಸಿಕೊಟ್ಟರು. ಆದರೆ ಮಗಳ ಮುಖ ಬಿದ್ದುಹೋಯಿತು.

"ಊಟ ಚೆನ್ನಾಗಿ ಮಾಡ್ತೀರಾ? ನೀರು ಚೆನ್ನಾಗಿ ಕುಡೀತೀರಾ?"

ಮಗಳು ಬಾಯಿ ತೆರೆಯುವ ಮೊದಲೇ, "ಕುಡೀತಾಳೆ ಡಾಕ್ಟ್ರೇ" ಎಂದೆ ನಾನು. ಮಗಳು ನನ್ನ ಕಡೆ ತಿರುಗಿ ನೋಡಿದಳು.

ಮಾರನೆಯ ಬೆಳಿಗ್ಗೆ ಎಣ್ಣೆ ಹಚ್ಚಿ ಅವಳಿಗೆ ನೀರು ಹಾಕುತ್ತಿದ್ದೆ. ಬಚ್ಚಲಲ್ಲಿ ಹಬೆ ತುಂಬಿಕೊಂಡಿತ್ತು. ಅವಳು ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ನಾನು ಚೊಂಬಿನಲ್ಲಿ ತೋಡಿ ತೋಡಿ ತಲೆಯ ಮೇಲೆ ಸುರಿಯುತ್ತಿದ್ದೆ. ಹಬೆಯ ನಡುವೆ ಅವಳು ನನ್ನ ಮಗಳಂತೆಯೂ ಕಾಣುತ್ತಿದ್ದಳು, ನಮ್ಮವ್ವನಂತೆಯೂ ಕಾಣುತ್ತಿದ್ದಳು. ಒಂದೊಂದು ಸಲ ನಾನೇ ಅಲ್ಲಿ ಕೂತಿರುವ ಹಾಗೂ ಆಗುತ್ತಿತ್ತು. ಆಗ ಕಂಡಿತು. ನೀರು ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ ಇಳಿಯುವಾಗ ಅವಳ ಬಾಯಿ ಸಣ್ಣಗೆ ತೆರೆದುಕೊಳ್ಳುತ್ತಿತ್ತು. ಗಂಟಲು ಆಡುತ್ತಿತ್ತು. ಸೀಗೆಪುಡಿಯ ಕಹಿಯಿದ್ದ ಆ ಸ್ನಾನದ ನೀರನ್ನು ಅವಳು ಗುಟುಕು ಗುಟುಕಾಗಿ ನುಂಗುತ್ತಿದ್ದಳು.

ನನ್ನ ಕೈ ಗಾಳಿಯಲ್ಲೇ ನಿಂತಿತು.

"ಬಾಯಾರ್ತಾ ಇದ್ಯೇನೇ?"

"ಇಲ್ಲಮ್ಮ, ಏನಿಲ್ಲ."

ಆ ಮಾತು ಬಚ್ಚಲಿನ ನಾಲ್ಕೂ ಗೋಡೆಗೆ ಬಡಿದು ನನ್ನ ಕಿವಿಗೆ ಬಂತು. ಆ ಮೊಳಗು ನನಗೆ ಗೊತ್ತಿತ್ತು. ಎಲ್ಲೋ ಕೇಳಿದ್ದೆ. ಚೊಂಬು ಹಿಡಿದುಕೊಂಡು ಹಾಗೇ ನಿಂತೆ. ಹಬೆಯೊಳಗಿಂದ ನಮ್ಮೂರು ಮೆಲ್ಲಗೆ ಎದ್ದು ಬಂತು.

ಗುಬ್ಬಿಯ ಹತ್ತಿರದ ನಮ್ಮೂರಲ್ಲಿ, ಮನೆಯ ಮುಂದೆ ನೆಲದೊಳಗೆ ರಾಗಿಯ ಹಗೇವು ಇತ್ತು. ಬಾಯಿ ಕಿರಿದು, ಹೊಟ್ಟೆ ಅಗಲ, ದೊಡ್ಡ ಹೂಜಿಯೊಂದನ್ನು ಮಣ್ಣಲ್ಲಿ ಹೂತ ಹಾಗೆ. ಕಲ್ಲುಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಮೊದಲು ಲಾಟೀನು ಇಳಿಸುತ್ತಿದ್ದರು. ದೀಪ ಆರದೆ ಉರಿದರೆ ಸೊಂಟಕ್ಕೆ ಹಗ್ಗ ಕಟ್ಟಿ ನನ್ನನ್ನು ಇಳಿಸುತ್ತಿದ್ದರು, ಮನೆಯಲ್ಲಿ ನಾನೇ ಹಗುರ. ಒಳಗೆ ಬೆಚ್ಚಗೆ, ಕತ್ತಲು, ರಾಗಿಯ ಕಮಟು ವಾಸನೆ. ಮೇಲೆ ಬಟ್ಟಲಿನಷ್ಟು ಆಕಾಶ. ಅದರಲ್ಲಿ ನಮ್ಮವ್ವನ ಮುಖ. ರಾಗಿಯಲ್ಲಿ ಕಾಲು ಮೆಲ್ಲಗೆ ಹೂತುಹೋಗುವಾಗ ಯಾರೋ ನನ್ನನ್ನು ಮಡಿಲಿಗೆ ಹಾಕಿಕೊಂಡ ಹಾಗಿರುತ್ತಿತ್ತು. ಈಗಲೂ ಜ್ವರ ಬಂದರೆ ನನಗೆ ಬೀಳುವುದು ಅದೇ ಕನಸು.

ಮಳೆ ಕೈಕೊಟ್ಟ ಒಂದು ವರ್ಷ ಇಳಿದಾಗ ಕಾಲಿಗೆ ರಾಗಿ ಸಿಗಲೇ ಇಲ್ಲ, ಬಹಳ ಹೊತ್ತು ಇಳಿದೆ. ಕೊನೆಗೆ ಸಿಕ್ಕಾಗ ಪಾದ ಮುಳುಗುವಷ್ಟಿತ್ತು.

"ಎಷ್ಟೈತೆ ಮಗಾ?" ಎಂದು ಅವ್ವ ಮೇಲಿನಿಂದ ಕೇಳಿದಳು.

ನಾನು ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಿಂದ ರಾಗಿಯನ್ನು ಸೊಂಟದ ಸುತ್ತ ಎಳೆದುಕೊಂಡು, "ಸೊಂಟದ್ಮಟ್ಟ ಐತೆ ಕಣವ್ವ" ಎಂದೆ.

ಮೇಲೆ ಅವ್ವನ ಮುಖ ಇನ್ನಷ್ಟು ಬಗ್ಗಿತು. ಆಮೇಲೆ, "ಸರಿ ಬಾ ಮಗಾ" ಎಂದಳು. ಅವತ್ತಿನಿಂದ ಮನೆಯಲ್ಲಿ ಎಲ್ಲರ ಮುದ್ದೆಯೂ ಚಿಕ್ಕದಾಯಿತು, ನನ್ನದೊಂದು ಬಿಟ್ಟು.

ನನ್ನ ಬಾಣಂತನದಲ್ಲಿ ಒಂದು ದಿನ ಅವ್ವನನ್ನು ಕೇಳಿದೆ, ಅವತ್ತು ನಿನಗೆ ಹೇಗೆ ಗೊತ್ತಾಯಿತೆಂದು. ಅವಳು ನಕ್ಕಳು. "ತುಂಬಿದ್ ಹಗೇವಲ್ಲಿ ದನಿ ಮೆತ್ತಗೆ ಬತ್ತದೆ ಕಣೇ. ನಿಂದು ತಮಟೆ ಹೊಡ್ದಂಗೆ ಬಂತು" ಎಂದಳು.

"ಮತ್ಯಾಕೆ ಬೈಲಿಲ್ಲ?"

"ಹಸ್ದಿರೋ ಮಗ ನನ್ ಹೆದ್ರಿಕೆ ನೋಡ್ಲಾರ್ದೆ ಸುಳ್ಳು ಹೇಳ್ತು. ಯಾವ್ ಬಾಯಲ್ಲಿ ಬೈಲಿ?"

ಬಚ್ಚಲಲ್ಲಿ ಮಗಳ "ಏನಿಲ್ಲ" ಬಂದದ್ದೂ ತಮಟೆಯ ಹಾಗೇ. ನಾನು ಬಕೆಟ್ಟಿನ ನೀರನ್ನೆಲ್ಲ ಸುರಿದು, ಮೈ ಒರೆಸಿ, ಅವಳನ್ನು ಮಂಚಕ್ಕೆ ಕರೆದುಕೊಂಡು ಬಂದೆ. ಹಿತ್ತಾಳೆ ಚೊಂಬಿನ ತುಂಬ ಕಾಯಿಸಿ ಆರಿಸಿದ ನೀರು ತೆಗೆದುಕೊಂಡು ಅಡುಗೆಮನೆಯಿಂದ ಹೊರಟಾಗಲೇ ಬಾಗಿಲಲ್ಲಿ ಆಟೋ ನಿಂತಿತು. ಕುಣಿಗಲ್ಲಿನಿಂದ ಬೀಗಿತ್ತಿ.

ಅವರು ಕಾಲು ತೊಳೆದು ಒಳಗೆ ಬಂದು, ಮಂಚದ ತುದಿಯಲ್ಲಿ ಕೂತು, ಸೊಸೆಯ ಮುಖ ನೋಡಿದರು. "ಯಾಕವ್ವ, ಹಿಂಗ್ ಸೊರಗ್ಬುಟ್ಟಿದ್ದೀಯ?" ಎಂದರು. ನಾನು ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹಿಂದೆ ಹೋಗಿ ಇಟ್ಟುಬಿಡಬಹುದಿತ್ತು. ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಗಿದ್ದೂ ನಿಜ. ಆದರೆ ಮಗಳ ಕಣ್ಣು ಚೊಂಬಿನ ಮೇಲಿತ್ತು.

"ಕುಡಿ ಮಗಾ" ಎಂದು ಕೈಗೆ ಕೊಟ್ಟೆ.

"ಅತ್ತೆ ಇದಾರಮ್ಮ" ಎಂದಳು ಮೆಲ್ಲಗೆ.

"ಇರ್ಲಿ. ಕುಡಿ."

ಅವಳು ಎತ್ತಿ ಕುಡಿದಳು. ಗಟಗಟ ಎನ್ನುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಇರಲಿಲ್ಲ. ನೀರು ಗಲ್ಲದಿಂದ ಇಳಿದು ಕುತ್ತಿಗೆ ಒದ್ದೆಯಾಯಿತು. ಬೀಗಿತ್ತಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಬೆರಳು ನಿಲ್ಲಿಸಿ, "ಬಾಣಂತಿಗೆ ನೀರಾ?" ಎಂದರು.

"ಹೂಂ ಕಣಕ್ಕ, ನೀರೇ" ಎಂದೆ. "ಅವ್ರ ಮನೆ ಪಾಯಸಾನೂ ನೀರು, ಬಾಣಂತನಾನೂ ನೀರು ಅಂತ ಬೇಕಾದ್ರೆ ಕುಣಿಗಲ್ಲಲ್ಲೆಲ್ಲ ಹೇಳ್ಕೊಂಡ್ ಬನ್ನಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದುಕೊಂಡೆ. ನಗುತ್ತಿದ್ದರು.

"ಇನ್ನೂ ಪಾಯಸ ಮರ್ತಿಲ್ವಾ ನೀವು? ಕೇಳಿ ಇಲ್ಲಿ. ನಿಮ್ಮಳಿಯನ್ನ ಹೆತ್ತಾಗ ನಮ್ಮತ್ತೆ ನಂಗೆ ಒಂದ್ ತೊಟ್ಟು ನೀರು ಕೊಡ್ತಿರ್ಲಿಲ್ಲ. ಒಂದಿನ ತಡೀಲಾರ್ದೆ ಕೊಟ್ಟಿಗೆಗೆ ಹೋಗಿ ಹಸಕ್ಕೆ ನೀರಿಟ್ಟಿದ್ ಬಾನಿಗೇ ಬಾಯಾಕ್ದೆ. ಆ ಕಡೆಯಿಂದ ಹಸ, ಈ ಕಡೆಯಿಂದ ನಾನು. ಅದು ನನ್ನ ನೋಡ್ತು, ನಾನು ಅದನ್ನ ನೋಡ್ದೆ. ಯಾರ್ಗೂ ಹೇಳ್ಬೇಡ ಕಣವ್ವ ಅಂದೆ. ಸಾಯೋವರ್ಗೂ ಹೇಳ್ಲಿಲ್ಲ, ಪುಣ್ಯಾತ್ಗಿತ್ತಿ."

ಮಗಳಿಗೆ ನಗು ತಡೆಯಲಾಗದೆ ನೀರು ಮೂಗಿಗೆ ಹತ್ತಿತು. "ಅತ್ತೆ, ನೀವಾ?" ಎಂದಳು ಕೆಮ್ಮುತ್ತಾ.

"ಮತ್ತೆ ನಂಗೊಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ನಾನು ಬೀಗಿತ್ತಿಯನ್ನು ಕೇಳಿದೆ.

"ಹೆಂಗ್ ಹೇಳ್ಲಿ ಕಣಕ್ಕ? ನಿಮ್ಮನೆ ಬಾಣಂತನ. ನೀರ್ ಕೊಡಿ ಅಂದ್ರೆ, ಈವಮ್ಮಂಗೆ ಸೊಸೆ ಮೇಲೆ ನಿಗಾ ಇಲ್ಲ ಅಂತ ನೀವೆಲ್ಲಿ ಅಂದ್ಕೊತೀರೋ ಅಂತ ಸುಮ್ನಿದ್ದೆ."

ಅವರಿಗೆ ನನ್ನ ಭಯ, ನನಗೆ ಅವರ ಭಯ. ಮಗಳಿಗೆ ನಮ್ಮಿಬ್ಬರದೂ. ನಡುವೆ ಹಸಿದುಕೊಂಡಿದ್ದದ್ದು ಈ ಬೊಗಸೆಯಷ್ಟು ಮಗು. ಬೀಗಿತ್ತಿ ತಾವೇ ಎದ್ದು ಚೊಂಬು ತೆಗೆದುಕೊಂಡು ಹೋಗಿ ಮತ್ತೆ ತುಂಬಿಸಿ ತಂದರು. ಆ ಚೊಂಬು ಅವತ್ತಿನಿಂದ ಮಂಚದ ಪಕ್ಕದಲ್ಲೇ ಇದೆ. ಮೇಲೊಂದು ಲೋಟ ಬೋರಲು.

ನೀರಿನಿಂದಲೇ ಆಯಿತೋ, ಮೂವರೂ ನಕ್ಕಿದ್ದರಿಂದ ಆಯಿತೋ, ಡಾಕ್ಟರಮ್ಮ ಮಗುವನ್ನು ಎದೆಗೆ ಹಿಡಿಯುವುದು ಹೀಗೆ ಎಂದು ತೋರಿಸಿಕೊಟ್ಟಿದ್ದು ಆಮೇಲೆ ನೆನಪಿಗೆ ಬಂದಿದ್ದರಿಂದ ಆಯಿತೋ, ನನಗೆ ಗೊತ್ತಿಲ್ಲ. ಒಂದು ಮಧ್ಯಾಹ್ನ ಆ ಹಸಿರು ಬೆಳಕಿನಲ್ಲಿ ನಾನು ತೂಕಡಿಸುತ್ತಿದ್ದೆ. ಮಗು ಎದೆಯಲ್ಲಿತ್ತು. ಗುಟುಕ್, ಗುಟುಕ್ ಎಂದು ಸದ್ದು ಕೇಳಿತು. ಕಣ್ಣು ತೆರೆಯದೆ ಕೇಳಿಸಿಕೊಂಡೆ. ತೆರೆದರೆ ಎಲ್ಲಿ ನಿಂತುಹೋಗುವುದೋ ಎಂದು.

"ಅಮ್ಮ, ಎಚ್ರ ಇದ್ಯಾ? ನೋಡು, ಬಾಯಿಂದ ಸುರೀತಾ ಇದೆ."

"ಸುರೀಲಿ ಬುಡು" ಎಂದೆ.

ಮುಂದಿನ ವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಕ್ಕಡಿ ನೋಡಿ, "ಪರ್ವಾಗಿಲ್ವೇ, ಚೆನ್ನಾಗಿ ಬಂದಿದೆ" ಎಂದರು. ಡಬ್ಬಿ ಹಾಲಿನ ಮಾತೇ ಬರಲಿಲ್ಲ. ನೀರು ಕುಡಿಯುತ್ತೀರಾ ಎಂದು ಮತ್ತೆ ಕೇಳಿದರು. ನಾನು ಈ ಸಲ ಬಾಯಿ ಮುಚ್ಚಿಕೊಂಡೆ. "ಕುಡೀತೀನಿ ಡಾಕ್ಟರ್" ಎಂದಳು ಮಗಳು. ಆ ದನಿ ಮೆತ್ತಗಿತ್ತು. ಎಲ್ಲಿಗೂ ಬಡಿದು ವಾಪಸ್ಸು ಬರಲಿಲ್ಲ.

ಈಗ ಮಗು ಕಾಲ ಮೇಲೆ ಮಿಸುಕುತ್ತಿದೆ. ಕುಡಿದು ಹೊಟ್ಟೆ ಗುಂಡಗಾಗಿದೆ, ತುಟಿಯ ತುದಿಯಲ್ಲಿ ಒಂದು ಬಿಳಿ ಹನಿ. ಪೆನ್ನು ಕೆಳಗಿಟ್ಟು, ಬಗ್ಗಿ, ಆ ಹೊಟ್ಟೆಯ ಹತ್ತಿರ ಬಾಯಿ ತಂದು ನಮ್ಮವ್ವ ಕೇಳಿದ ಹಾಗೆ ಕೇಳಿದೆ, "ಎಷ್ಟೈತೆ ಮಗಾ?"

ನಿದ್ದೆಯಲ್ಲೇ ಒಂದು ಸಣ್ಣ "ಊಂ" ಬಂತು. ರಾಗಿ ತುಂಬಿದ ಕತ್ತಲಿನೊಳಗಿಂದ ಬಂದ ಹಾಗೆ, ಮೆತ್ತಗೆ.